ಧುಮುಕುವವರ ಸಹಿ, ಕಳಿಸುವವರ ಹೊಣೆ

(ದತ್ತಿ ಉಪನ್ಯಾಸದ ಲಿಖಿತ ರೂಪ)



ಇಂದಿನ ವಿಷಯ ಸ್ಕೈಡೈವಿಂಗ್ ಎಂದು ಆಹ್ವಾನಪತ್ರಿಕೆಯಲ್ಲಿ ಓದಿ ಕೆಲವರಿಗೆ ಆಶ್ಚರ್ಯವಾಗಿರಬಹುದು. ದುಡ್ಡಿರುವವರ ಸಾಹಸಕ್ಕೂ ದತ್ತಿ ಉಪನ್ಯಾಸಕ್ಕೂ ಎಲ್ಲಿಯ ನಂಟು? ಆದರೆ ಕಾಲ ಬದಲಾಗಿದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹುಡುಗ ಹುಡುಗಿಯರು ರಜೆಗೆ ದುಬೈಗೋ ಹರಿಯಾಣದ ನಾರ್ನೌಲ್‌ಗೋ ಹೋಗಿ ವಿಮಾನದಿಂದ ಧುಮುಕಿ ಬರುತ್ತಿದ್ದಾರೆ. ಮೈಸೂರಿನಲ್ಲೂ ಇಂಥ ಜಿಗಿತಗಳು ನಡೆದಿವೆ. ಧುಮುಕುವ ಮೊದಲು ಅವರೆಲ್ಲ ಒಂದು ಕಾಗದಕ್ಕೆ ಸಹಿ ಹಾಕುತ್ತಾರೆ. ಏನೇ ಆದರೂ ಹೊಣೆ ನನ್ನದೇ, ನಾನು ಸತ್ತರೂ ನನ್ನ ವಾರಸುದಾರರು ದಾವೆ ಹೂಡುವುದಿಲ್ಲ ಎಂಬ ಮುಚ್ಚಳಿಕೆ ಅದು. ಆ ಕಾಗದಕ್ಕೆ ಎಷ್ಟು ಬೆಲೆ? ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ಆಯ್ಕೆ ಯಾರ ಕೈಯಲ್ಲಿತ್ತೋ ಅದರ ಹೊಣೆಯೂ ಅವರದೇ. ತನ್ನ ಕೈಯಲ್ಲಿ ಇಲ್ಲದ್ದನ್ನು ಸಹಿ ಹಾಕಿ ಯಾರೂ ಮೈಮೇಲೆ ಎಳೆದುಕೊಳ್ಳಲಾಗದು. ಇದನ್ನು ತೋರಿಸಲು ಉಪಕರಣಗಳ ಹತ್ತಿರ ಹೋಗಿ ನಿಲ್ಲಬೇಕು. ಅದಕ್ಕೂ ಮುಂಚೆ ಒಂದು ಪ್ರಕರಣ.

2016ರ ಆಗಸ್ಟ್ 6ರಂದು ಕ್ಯಾಲಿಫೋರ್ನಿಯಾದ ಲೋಡೈ ಪಟ್ಟಣದ ಬಳಿ, ಅಕಾಂಪೋ ಎಂಬಲ್ಲಿ, 18 ವರ್ಷದ ಹುಡುಗನೊಬ್ಬ ತನ್ನ ಮೊದಲ ಜಿಗಿತಕ್ಕೆ ವಿಮಾನ ಹತ್ತಿದ. ಅದು ಟ್ಯಾಂಡಮ್ ಜಿಗಿತ. ಪ್ರಯಾಣಿಕನ ಬೆನ್ನು ತರಬೇತುದಾರನ ಎದೆಗೆ ಬರುವಂತೆ ಹೆಗಲಿನ ಬಳಿ ಎರಡು, ಸೊಂಟದ ಬಳಿ ಎರಡು ಕೊಂಡಿ ಬಿಗಿದು, ಇಬ್ಬರೂ ಒಂದೇ ಪ್ಯಾರಾಶೂಟಿನಲ್ಲಿ ಇಳಿಯುವ ಕ್ರಮ. ಪ್ಯಾರಾಶೂಟ್ ಸರಿಯಾಗಿ ಬಿಚ್ಚಿಕೊಳ್ಳಲಿಲ್ಲ. ಇಬ್ಬರೂ ತೀರಿಕೊಂಡರು.

ತನಿಖೆ ನಡೆದಾಗ ಹೊರಬಂದದ್ದು ಬಟ್ಟೆ, ಹಗ್ಗಗಳಿಗಿಂತ ಹೆಚ್ಚಾಗಿ ಕಾಗದಪತ್ರದ ಕಥೆ. ಸತ್ತ ತರಬೇತುದಾರನಿಗೆ ಟ್ಯಾಂಡಮ್ ಕಲಿಸಿದ್ದ ಪರೀಕ್ಷಕನ ಅರ್ಹತೆಯನ್ನು 2015ರಲ್ಲೇ ಅಮೆರಿಕದ ಪ್ಯಾರಾಶೂಟ್ ಸಂಘವೂ ಉಪಕರಣ ತಯಾರಿಸುವ ಕಂಪನಿಯೂ ಅಮಾನತು ಮಾಡಿದ್ದವು. ಆದರೂ ಅವನು ಹಣ ಪಡೆದು ತರಗತಿ ನಡೆಸುತ್ತಲೇ ಇದ್ದ. ಅರ್ಜಿಗಳ ಮೇಲೆ ಬೇರೊಬ್ಬ ಪರೀಕ್ಷಕನ ಸಹಿ ಬಳಸಿದ್ದ. ಒಕ್ಕೂಟ ಸರ್ಕಾರದ ವಕೀಲರು 2021ರಲ್ಲಿ ಅವನ ಮೇಲೆ ಮೊಕದ್ದಮೆ ಹೂಡಿದರು. 2024ರಲ್ಲಿ ಅಪರಾಧಿಯೆಂದು ತೀರ್ಮಾನವಾಗಿ ಎರಡು ವರ್ಷ ಜೈಲಾಯಿತು. ಯಾವ ಆರೋಪದ ಮೇಲೆ? ವಂಚನೆ ಮತ್ತು ಇನ್ನೊಬ್ಬರ ಗುರುತಿನ ದುರ್ಬಳಕೆಯ ಮೇಲೆ. ಸಾವಿಗೆ ಕಾರಣನಾದ ಎಂಬ ಆರೋಪ ಅಲ್ಲಿರಲಿಲ್ಲ. ಸಿವಿಲ್ ದಾವೆಯಲ್ಲಿ 2021ರಲ್ಲಿ ಹುಡುಗನ ತಂದೆತಾಯಿಗೆ 4 ಕೋಟಿ ಡಾಲರ್ ಕೊಡಬೇಕೆಂದು ಆ ಸ್ಕೈಡೈವಿಂಗ್ ಕೇಂದ್ರದ ಮಾಲೀಕನ ವಿರುದ್ಧ ತೀರ್ಪಾಯಿತು. ಆ ತಾಯಿ ಅಷ್ಟಕ್ಕೇ ನಿಲ್ಲದೆ ಶಾಸಕರ ಬೆನ್ನು ಹತ್ತಿದರು. ತರಬೇತುದಾರರಿಗೆ ಸರಿಯಾದ ಅರ್ಹತೆಯಿದೆಯೇ ಎಂದು ಖಾತ್ರಿಪಡಿಸಿಕೊಳ್ಳುವ ಕರ್ತವ್ಯವನ್ನು ಕೇಂದ್ರಗಳ ಮೇಲೆ ಹೊರಿಸುವ ಕಾನೂನನ್ನು ಕ್ಯಾಲಿಫೋರ್ನಿಯಾ 2017ರಲ್ಲಿ ಮಾಡಿತು.

ಆ ಹುಡುಗ ತನ್ನ ಹಿಂದೆ ಕೊಂಡಿ ಬಿಗಿದುಕೊಂಡಿದ್ದವನ ಅರ್ಹತಾಪತ್ರ ಅಸಲಿಯೋ ನಕಲಿಯೋ ಎಂದು ಹೇಗೆ ತಿಳಿದುಕೊಳ್ಳಬೇಕಿತ್ತು? ಅವನಿಗೆ ಕಂಡಿದ್ದು ಒಂದು ನಗುಮುಖ, ಒಂದು ಜಂಪ್‌ಸೂಟ್. ಅವನ ಜೀವ ನಿಂತಿದ್ದು ಅವನು ಎಂದೂ ನೋಡದ ಹಲವು ಸಹಿಗಳ ಮೇಲೆ.

ಆ ಸಹಿಗಳಲ್ಲೆಲ್ಲ ನನಗೆ ಬಹಳ ಗೌರವ ಇರುವುದು ರಿಗ್ಗರ್ ಹಾಕುವ ಸಹಿಯ ಬಗ್ಗೆ. ಧುಮುಕುವವರ ಬೆನ್ನ ಮೇಲೆ ಎರಡು ಪ್ಯಾರಾಶೂಟ್ ಇರುತ್ತವೆ. ಮೊದಲನೆಯದನ್ನು ಧುಮುಕುವವರೇ ಮಡಚಿಕೊಳ್ಳಬಹುದು. ಅದು ಕೈಕೊಟ್ಟರೆ ಬರಬೇಕಾದ ಎರಡನೆಯದನ್ನು, ಅಂದರೆ ರಿಸರ್ವ್ ಅನ್ನು, ಪರವಾನಗಿ ಪಡೆದ ರಿಗ್ಗರ್ ಮಾತ್ರ ಮಡಚಬೇಕು. ಅಮೆರಿಕದ ನಿಯಮದಂತೆ ಅದಕ್ಕೆ 180 ದಿನಗಳ ವಾಯಿದೆ. ಒಮ್ಮೆಯೂ ಬಳಸದಿದ್ದರೂ ಅಷ್ಟರೊಳಗೆ ಬಿಚ್ಚಿ, ನೋಡಿ, ಮತ್ತೆ ಮಡಚಲೇಬೇಕು. ರಿಗ್ಗರ್ ಅದನ್ನು ಉದ್ದನೆಯ ಮೇಜಿನ ಮೇಲೆ ಹರಡಿ, ಬಟ್ಟೆಯ ಒಂದೊಂದು ಕೋಣೆಯನ್ನೂ ಬೆಳಕಿಗೆ ಹಿಡಿದು ನೋಡುತ್ತಾರೆ. ಹಗ್ಗಗಳ ಮೇಲೆ ಬೆರಳಾಡಿಸಿ ಸವೆತ ಹುಡುಕುತ್ತಾರೆ. ಕಬ್ಬಿಣದ ಕೊಂಡಿ, ಹೊಲಿಗೆ, ಸ್ಪ್ರಿಂಗ್ ಎಲ್ಲವನ್ನೂ ಮುಟ್ಟಿ ನೋಡಿ, ಆಮೇಲೆ ನೆರಿಗೆ ಹಿಡಿಯುತ್ತಾರೆ. ಕೆಲಸಕ್ಕೆ ಕೂರುವ ಮುಂಚೆ ಮೇಜಿನ ಮೇಲಿನ ಸಲಕರಣೆಗಳನ್ನು ಎಣಿಸಿಕೊಳ್ಳುತ್ತಾರೆ, ಮುಗಿದ ಮೇಲೆ ಮತ್ತೆ ಎಣಿಸುತ್ತಾರೆ. ಒಂದು ಚಿಮಟಿಗೆ ಒಳಗೇ ಉಳಿದರೂ ಸಾಕು, ಆಕಾಶದಲ್ಲಿ ಅದು ಬಿಚ್ಚಿಕೊಳ್ಳದೆ ಹೋಗಬಹುದು. ಕೊನೆಗೆ ಪ್ಯಾರಾಶೂಟಿನ ಚೀಲ ಮುಚ್ಚಿದ ಪಿನ್ನಿಗೆ ತೆಳ್ಳನೆಯ ನೂಲು ಕಟ್ಟಿ, ಅದರ ತುದಿಗೆ ತಮ್ಮ ಗುರುತು ಒತ್ತಿದ ಪುಟ್ಟ ಸೀಸದ ಮುದ್ರೆ ಹಾಕುತ್ತಾರೆ. ಒಂದು ಕಾರ್ಡಿನ ಮೇಲೆ ತಾರೀಖು, ಪರವಾನಗಿ ಸಂಖ್ಯೆ, ಸಹಿ ಬರೆದು ಅದನ್ನು ಚೀಲದಲ್ಲೇ ಇಡುತ್ತಾರೆ. ಮುದ್ರೆ ಒಡೆದಿದ್ದರೆ, ಕಾರ್ಡಿನ ತಾರೀಖಿನಿಂದ ವಾಯಿದೆ ದಾಟಿದ್ದರೆ, ಆ ಚೀಲ ವಿಮಾನ ಹತ್ತುವಂತಿಲ್ಲ. ಅಮೆರಿಕದ ಸೇನೆಯಲ್ಲಿ ಇನ್ನೊಂದು ಪದ್ಧತಿಯಿದೆ. ತಾನು ಮಡಚಿದ ಯಾವ ಪ್ಯಾರಾಶೂಟನ್ನು ಕೊಟ್ಟರೂ ಅದನ್ನೇ ಕಟ್ಟಿಕೊಂಡು ಧುಮುಕಲು ರಿಗ್ಗರ್ ಸಿದ್ಧನಿರಬೇಕು. ಹೊಣೆಯನ್ನು ಇದಕ್ಕಿಂತ ನೇರವಾಗಿ ಬರೆದ ಕಾನೂನನ್ನು ನಾನು ಓದಿಲ್ಲ.

ಎಷ್ಟು ಸಣ್ಣ ವಸ್ತುವಿನ ಮೇಲೆ ಎಷ್ಟು ದೊಡ್ಡದು ನಿಂತಿರುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಒಂದು ಮೊಕದ್ದಮೆ ನೋಡಿ. 2015ರಲ್ಲಿ ನೆದರ್‌ಆವನ್ ಎಂಬಲ್ಲಿ ಒಬ್ಬ ಮಹಿಳೆ ನಾಲ್ಕು ಸಾವಿರ ಅಡಿಯಿಂದ ಧುಮುಕಿದಾಗ ಎರಡು ಪ್ಯಾರಾಶೂಟುಗಳೂ ಕೈಕೊಟ್ಟವು. ಉತ್ತ ಹೊಲದ ಮೇಲೆ ಬಿದ್ದು ಅವರು ಬದುಕುಳಿದರು. ಹಗ್ಗಗಳನ್ನು ಪಟ್ಟಿಗೆ ಸೇರಿಸುವ, ಬೆರಳಿಗಿಂತ ಚಿಕ್ಕದಾದ ಸ್ಲಿಂಕ್ ಎಂಬ ಎರಡು ನೂಲಿನ ಕೊಂಡಿಗಳು ರಿಸರ್ವ್‌ನಲ್ಲಿ ಇರಲೇ ಇಲ್ಲ. ಸೇನೆಯಲ್ಲಿ ಸಾರ್ಜೆಂಟ್ ಆಗಿದ್ದ ಗಂಡನೇ ತೆಗೆದಿದ್ದನೆಂದು 2018ರಲ್ಲಿ ಸಾಬೀತಾಗಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಅಲ್ಲಿ ದುರುದ್ದೇಶವಿತ್ತು, ಕಾನೂನಿಗೆ ದಾರಿ ಸುಲಭವಾಯಿತು. ಅದೇ ಕೊಂಡಿ ಯಾರದೋ ಅಜಾಗ್ರತೆಯಿಂದ ತಪ್ಪಿಹೋದರೆ ಏನು ಮಾಡುತ್ತೀರಿ? ಕಷ್ಟದ ಪ್ರಶ್ನೆ ಅದು.

ಈಗ ಉಪಕರಣದ ಆಯ್ಕೆಗೆ ಬರುತ್ತೇನೆ. ಈ ಕ್ಷೇತ್ರ ಸುರಕ್ಷಿತವಾದದ್ದು ಅದೃಷ್ಟದಿಂದಲ್ಲ, ಕೆಲವರ ಹಟದಿಂದ. ಮೊದಲೆಲ್ಲ ಕೆಟ್ಟುಹೋದ ಪ್ಯಾರಾಶೂಟನ್ನು ಕಳಚಬೇಕಾದರೆ ಎರಡು ಹೆಗಲ ಮೇಲಿನ ಕೊಕ್ಕೆಗಳನ್ನೂ ಬೇರೆಬೇರೆಯಾಗಿ ಬಿಚ್ಚಬೇಕಿತ್ತು. ಗಿರಗಿರನೆ ತಿರುಗುತ್ತಾ ಬೀಳುವವರಿಗೆ ಅದು ಆಗುವ ಕೆಲಸವೇ? ಅಮೆರಿಕದ ಬಿಲ್ ಬೂತ್ 1970ರ ದಶಕದಲ್ಲಿ ಮೂರು ಉಂಗುರಗಳ ಸಾಧನ ಮಾಡಿದರು. ದೊಡ್ಡ ಉಂಗುರದೊಳಗೆ ಮಧ್ಯಮ, ಅದರೊಳಗೆ ಚಿಕ್ಕದು, ಕೊನೆಗೆ ಒಂದು ದಾರದ ಕುಣಿಕೆ. ಒಂದೊಂದು ಉಂಗುರದಲ್ಲೂ ಭಾರ ಕಡಿಮೆಯಾಗುತ್ತಾ ಬಂದು ಆ ಕುಣಿಕೆ ಅದನ್ನು ಆರಾಮವಾಗಿ ಹಿಡಿಯುತ್ತದೆ. ಒಂದೇ ಹಿಡಿಕೆ ಎಳೆದರೆ ಎರಡು ಹೆಗಲೂ ಕಳಚಿಕೊಳ್ಳುತ್ತವೆ. 1991ರಲ್ಲಿ ಜರ್ಮನಿಯ ಹೆಲ್ಮುಟ್ ಕ್ಲೋತ್ ಸೈಪ್ರೆಸ್ ಎಂಬ ಪುಟ್ಟ ಯಂತ್ರ ತಂದರು. ಧುಮುಕಿದವರು ಪ್ರಜ್ಞೆ ತಪ್ಪಿಯೋ ಎತ್ತರದ ಅಂದಾಜು ಕಳೆದುಕೊಂಡೋ ಸುಮಾರು 225 ಮೀಟರ್ ತನಕ ಸೆಕೆಂಡಿಗೆ 35 ಮೀಟರಿಗಿಂತ ವೇಗವಾಗಿ ಬೀಳುತ್ತಲೇ ಇದ್ದರೆ, ಅದು ರಿಸರ್ವ್ ಚೀಲವನ್ನು ಮುಚ್ಚಿಟ್ಟ ಕುಣಿಕೆಯನ್ನು ಕತ್ತರಿಸುತ್ತದೆ. ಪೂರ್ಣ ವೇಗದಲ್ಲಿ ಬೀಳುವವರಿಗೆ ಆ ಎತ್ತರದಿಂದ ನೆಲಕ್ಕೆ ಸುಮಾರು ನಾಲ್ಕು ಸೆಕೆಂಡು ದೂರ. ಟ್ಯಾಂಡಮ್ ಚೀಲದಲ್ಲಿ ಇಂಥ ಸ್ವಯಂಚಾಲಿತ ಸಾಧನ ಇರಲೇಬೇಕೆಂದು ಅಮೆರಿಕದ ನಿಯಮ ಹೇಳುತ್ತದೆ. ಪರವಾನಗಿ ಪಡೆದು ಒಬ್ಬರೇ ಧುಮುಕುವವರಿಗೆ ಆ ಕಡ್ಡಾಯ ಇಲ್ಲ. ಈ ವ್ಯತ್ಯಾಸವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಫಲ ಏನಾಯಿತು? 1970ರ ದಶಕದಲ್ಲಿ ಅಮೆರಿಕದಲ್ಲಿ ವರ್ಷಕ್ಕೆ ಸರಾಸರಿ 40ಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದರು. 2024ರಲ್ಲಿ ಸುಮಾರು 38 ಲಕ್ಷ 80 ಸಾವಿರ ಜಿಗಿತಗಳಲ್ಲಿ ಸತ್ತವರು 9 ಮಂದಿ. 1961ರಲ್ಲಿ ಲೆಕ್ಕ ಇಡಲು ಶುರುಮಾಡಿದ ಮೇಲೆ ಇಷ್ಟು ಕಡಿಮೆ ಎಂದೂ ಇರಲಿಲ್ಲ. ಆದರೆ ಸಾವಿನ ಕಾರಣಗಳು ಜಾಗ ಬದಲಿಸಿವೆ. ಪ್ಯಾರಾಶೂಟ್ ಬಿಚ್ಚಿಕೊಳ್ಳದೆ ಸಾಯುವವರು ಕಡಿಮೆಯಾದರು. ಪೂರ್ತಿ ಬಿಚ್ಚಿದ, ಚೆನ್ನಾಗಿಯೇ ಇರುವ ಕ್ಯಾನಪಿಯ, ಅಂದರೆ ಪ್ಯಾರಾಶೂಟಿನ ಬಟ್ಟೆಯ ಕೆಳಗೆ, ನೆಲದ ಹತ್ತಿರ ರಭಸದಿಂದ ತಿರುಗಿಸಲು ಹೋಗಿ ಅಪ್ಪಳಿಸಿ ಸಾಯುವವರು ಕಾಣಿಸಿಕೊಂಡರು. ಇದಕ್ಕೆ ಕಾರಣ ಕ್ಯಾನಪಿಯ ಅಳತೆ. ಉಪಕರಣ ಸಮೇತ 180 ಪೌಂಡ್ ತೂಗುವವರು 180 ಚದರ ಅಡಿಯ ಕ್ಯಾನಪಿ ಹಾಕಿಕೊಂಡರೆ ಭಾರದ ಪ್ರಮಾಣ ಒಂದಕ್ಕೆ ಒಂದು. ಹೊಸಬರು ಅದನ್ನು ಮೀರಬಾರದೆಂಬುದು ಬಲ್ಲವರ ಬುದ್ಧಿಮಾತು. ಅದೇ ಮನುಷ್ಯ 120 ಚದರ ಅಡಿಯದನ್ನು ತೊಟ್ಟರೆ ವೇಗ ಏರುತ್ತದೆ, ತಪ್ಪು ತಿದ್ದಿಕೊಳ್ಳಲು ಸಮಯವೇ ಇರುವುದಿಲ್ಲ. ಸಾಧನಗಳು ಸುರಕ್ಷಿತವಾದಷ್ಟೂ ಜನ ಇನ್ನಷ್ಟು ಅಪಾಯಕ್ಕೆ ಕೈಹಾಕುತ್ತಾರೆ ಎಂದು ಬೂತ್ ಅವರೇ ಬಹಳ ಹಿಂದೆ ಹೇಳಿದ್ದರು.

ಇಲ್ಲಿ ನನ್ನ ವಾದದ ಒಂದು ಪಕ್ಕ ಇದೆ. ಚಿಕ್ಕ ಕ್ಯಾನಪಿಯನ್ನು ತಾನೇ ಆರಿಸಿಕೊಂಡ, ನೂರಾರು ಜಿಗಿತಗಳ ಅನುಭವವಿರುವ ವ್ಯಕ್ತಿ ನೆಲದ ಹತ್ತಿರ ತಿರುಗಿಸಿ ಬಿದ್ದರೆ ಅದು ಅವನ ಹೊಣೆ. ಅವನ ಮುಚ್ಚಳಿಕೆಗೆ ನ್ಯಾಯಾಲಯ ಬೆಲೆ ಕೊಡಬೇಕು. ಅವನ ಮನೆಯವರ ದುಃಖ ದೊಡ್ಡದು, ನನಗೆ ಗೊತ್ತು. ಆದರೆ ವಯಸ್ಕರು ತಿಳಿದೇ ಮಾಡಿದ ಆಯ್ಕೆಯನ್ನು ಕಾನೂನು ಗೌರವಿಸದಿದ್ದರೆ ಬೆಟ್ಟ ಹತ್ತುವವರನ್ನೂ ಕಡಲಿಗೆ ಇಳಿಯುವವರನ್ನೂ ಮನೆಯಲ್ಲೇ ಕೂರಿಸಬೇಕಾಗುತ್ತದೆ.

ಟ್ಯಾಂಡಮ್ ಪ್ರಯಾಣಿಕರ ಸ್ಥಿತಿ ಇದಕ್ಕೆ ತದ್ವಿರುದ್ಧ. ಅವರು ಕ್ಯಾನಪಿಯ ಅಳತೆ ಆರಿಸಿಲ್ಲ. ರಿಸರ್ವ್ ಕಾರ್ಡಿನ ತಾರೀಖು ನೋಡಿಲ್ಲ. ಚೀಲ ಇರುವುದೇ ಇನ್ನೊಬ್ಬರ ಬೆನ್ನ ಮೇಲೆ. ವಿಮಾನದ ಬಗ್ಗೆಯಂತೂ ಕೇಳುವುದೇ ಬೇಡ. ಧುಮುಕುವವರನ್ನು ಹೊತ್ತೊಯ್ಯುವ ವಿಮಾನಗಳ 32 ಅಪಘಾತಗಳಲ್ಲಿ 1980ರಿಂದ 172 ಮಂದಿ ಸತ್ತಿದ್ದಾರೆ ಎಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2008ರ ವರದಿಯಲ್ಲಿ ಎಚ್ಚರಿಸಿತ್ತು. 2019ರ ಜೂನ್ 21ರಂದು ಹವಾಯಿಯ ಡಿಲ್ಲಿಂಗ್‌ಹ್ಯಾಮ್‌ನಲ್ಲಿ ಅಂಥದೇ ಒಂದು ವಿಮಾನ ಮೇಲೇರುತ್ತಲೇ ಬಿದ್ದು 11 ಮಂದಿ ಸತ್ತರು. ಯಾರೂ ಧುಮುಕಿಯೇ ಇರಲಿಲ್ಲ. ಪೈಲಟ್‌ನ ದುಡುಕಿನ ಜೊತೆಗೆ ಇಂಥ ಹಾರಾಟಗಳ ಮೇಲಿನ ಸರ್ಕಾರಿ ಮೇಲ್ವಿಚಾರಣೆಯ ಕೊರತೆಯೂ ಕಾರಣ ಎಂದು ಅದೇ ಮಂಡಳಿ ಬರೆಯಿತು. ಪ್ರಯಾಣಿಕರ ಸಹಿ ಈ ವಿಮಾನಕ್ಕೂ ಅನ್ವಯಿಸಬೇಕೆ?

ಅಮೆರಿಕದ ಹಲವು ನ್ಯಾಯಾಲಯಗಳು ಹೌದು ಎಂದಿವೆ. ಕೊಲರಾಡೋದಲ್ಲಿ 17 ವರ್ಷದ ಹುಡುಗನೊಬ್ಬ 1973ರಲ್ಲಿ ಮುಚ್ಚಳಿಕೆಗೆ ಸಹಿ ಹಾಕಿದ. ಕೆಲವೇ ವಾರಗಳಲ್ಲಿ 18 ತುಂಬಿತು, ಅದೇ ಕರಾರಿನಡಿ ಧುಮುಕುತ್ತಾ ಹೋದ. 1974ರಲ್ಲಿ ವಿಮಾನವೇ ಬಿದ್ದು ತೀವ್ರವಾಗಿ ಗಾಯಗೊಂಡ. ಪ್ರಾಯಕ್ಕೆ ಬಂದ ಮೇಲೂ ಸೌಲಭ್ಯ ಪಡೆದದ್ದರಿಂದ ಹಳೆಯ ಸಹಿಯನ್ನು ಸ್ಥಿರೀಕರಿಸಿದಂತಾಯಿತು, ಕರಾರು ಸಿಂಧು ಎಂದು ಅಲ್ಲಿನ ಸುಪ್ರೀಂ ಕೋರ್ಟು 1981ರಲ್ಲಿ ಹೇಳಿತು. 1985ರಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ, ಮೊದಲ ಜಿಗಿತದಲ್ಲೇ ವಿದ್ಯುತ್ ತಂತಿಗೆ ಸಿಕ್ಕಿ ಗಾಯಗೊಂಡ ವಿದ್ಯಾರ್ಥಿಯ ದಾವೆಯನ್ನು ಮುಚ್ಚಳಿಕೆಯ ಕಾರಣಕ್ಕೇ ತಳ್ಳಿಹಾಕುವುದನ್ನು ಎತ್ತಿಹಿಡಿಯಿತು. ಸ್ಕೈಡೈವಿಂಗ್ ಆಸ್ಪತ್ರೆಯಂತೆ ಅಗತ್ಯ ಸೇವೆಯಲ್ಲ, ಬೇಡವಾದರೆ ಮಾಡದಿರಬಹುದಿತ್ತು ಎಂಬುದು ಆ ತರ್ಕ. ಅಲ್ಲಿನ ಉದ್ಯಮ ಈ ತರ್ಕದ ನೆರಳಿನಲ್ಲೇ ಬೆಳೆದಿದೆ. ಟ್ಯಾಂಡಮ್ ಉಪಕರಣ ಮಾಡುವ ದೊಡ್ಡ ಕಂಪನಿಯ ನೋಂದಾಯಿತ ಹೆಸರೇ ‘ಅನ್‌ಇನ್ಶೂರ್ಡ್ ಯುನೈಟೆಡ್ ಪ್ಯಾರಾಶೂಟ್ ಟೆಕ್ನಾಲಜೀಸ್’. ನಮಗೆ ವಿಮೆಯಿಲ್ಲ, ದಾವೆ ಹೂಡಿ ಪ್ರಯೋಜನವಿಲ್ಲ ಎಂಬುದನ್ನು ಹೆಸರಿನಲ್ಲೇ ಸಾರಿದ್ದಾರೆ. ಆದರೂ ಅಲ್ಲಿ ಒಂದು ಗೆರೆ ಉಂಟು. ಘೋರ ನಿರ್ಲಕ್ಷ್ಯಕ್ಕೆ ಮುಚ್ಚಳಿಕೆ ರಕ್ಷಣೆ ಕೊಡದು ಎಂದು ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟು 2007ರಲ್ಲಿ ಬೇರೊಂದು ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಬ್ರಿಟನ್ ಇನ್ನೂ ಮುಂದೆ ಹೋಗಿದೆ. ಅಲ್ಲಿ 1977ರ ಕಾನೂನು ಬಂದಾಗಿನಿಂದಲೇ, ನಿರ್ಲಕ್ಷ್ಯದಿಂದ ಆದ ಸಾವಿಗೋ ಗಾಯಕ್ಕೋ ವ್ಯಾಪಾರಸ್ಥರು ಯಾವ ಕರಾರಿನ ಮೂಲಕವೂ ಹೊಣೆ ಜಾರಿಸುವಂತಿಲ್ಲ. ಹಾಗೆಂದು ಬ್ರಿಟನ್ನಿನಲ್ಲಿ ಸ್ಕೈಡೈವಿಂಗ್ ನಿಂತುಹೋಗಲಿಲ್ಲ. ಮುಚ್ಚಳಿಕೆ ಇಲ್ಲದಿದ್ದರೆ ಕ್ರೀಡೆಯೇ ಸಾಯುತ್ತದೆ ಎನ್ನುವವರಿಗೆ ಇಷ್ಟು ಉತ್ತರ ಸಾಕು.

ನಮ್ಮ ಕಡೆ ನೋಡಿ. ಅಪ್ರಾಪ್ತರು ಮಾಡಿದ ಕರಾರು ಮೊದಲಿನಿಂದಲೇ ಶೂನ್ಯ ಎಂದು ಪ್ರಿವಿ ಕೌನ್ಸಿಲ್ 1903ರಲ್ಲೇ ಹೇಳಿದೆ. ಶೂನ್ಯವಾದದ್ದನ್ನು 18 ತುಂಬಿದ ಮೇಲೆ ಸ್ಥಿರೀಕರಿಸಲು ಬರುವುದಿಲ್ಲ. ಕೊಲರಾಡೋದ ಹುಡುಗ ಇಲ್ಲಿದ್ದಿದ್ದರೆ ಅವನ ಹಳೆಯ ಸಹಿ ಅವನ ದಾರಿಗೆ ಅಡ್ಡ ಬರುತ್ತಿರಲಿಲ್ಲ. 1872ರ ಕರಾರು ಕಾಯ್ದೆಯ 23ನೇ ಕಲಮು ಸಾರ್ವಜನಿಕ ನೀತಿಗೆ ವಿರುದ್ಧವಾದ ಕರಾರನ್ನು ಒಪ್ಪುವುದಿಲ್ಲ. ಕರಾರಿನ ಹಕ್ಕುಗಳಿಗಾಗಿ ನ್ಯಾಯಾಲಯದ ಬಾಗಿಲು ತಟ್ಟುವುದನ್ನೇ ಪೂರ್ತಿ ತಡೆಯುವ ಷರತ್ತನ್ನು 28ನೇ ಕಲಮು ಅಷ್ಟರ ಮಟ್ಟಿಗೆ ಅಸಿಂಧು ಎನ್ನುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲಂತೂ ಅನ್ಯಾಯದ ಕರಾರಿನ ಷರತ್ತುಗಳನ್ನು ರದ್ದುಮಾಡುವ ಅಧಿಕಾರ ರಾಜ್ಯ ಗ್ರಾಹಕ ಆಯೋಗಕ್ಕಿದೆ. ಅದೇ ಕಾಯ್ದೆಯ ಆರನೇ ಅಧ್ಯಾಯ ದೋಷವಿರುವ ವಸ್ತುವಿಗೆ ತಯಾರಕರನ್ನೂ ಮಾರಾಟಗಾರರನ್ನೂ ಸೇವೆ ಕೊಟ್ಟವರನ್ನೂ ಹೊಣೆ ಮಾಡುತ್ತದೆ. ವಸ್ತುವನ್ನು ತಿದ್ದಿದ್ದರೆ, ತಪ್ಪಾಗಿ ಬಳಸಿದ್ದರೆ ಹೊಣೆ ಕಳಚುತ್ತದೆ ಎಂಬ ವಿನಾಯಿತಿಯೂ ಇದೆ. ಆದ್ದರಿಂದಲೇ ಯಾರು ಮಡಚಿದರು, ಯಾವ ಭಾಗ ಬದಲಿಸಿದರು ಎಂಬ ದಾಖಲೆ ಇಲ್ಲದೆ ಈ ಅಧ್ಯಾಯ ಕೆಲಸಕ್ಕೆ ಬಾರದು.

ಕ್ರಿಮಿನಲ್ ಕಡೆ, ನಿರ್ಲಕ್ಷ್ಯದಿಂದ ಸಾವು ತಂದವರಿಗೆ ಹಳೆಯ ದಂಡಸಂಹಿತೆಯಲ್ಲಿ ಎರಡು ವರ್ಷದವರೆಗೆ ಇದ್ದ ಶಿಕ್ಷೆ ಈಗ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ಐದು ವರ್ಷದವರೆಗೆ ಏರಿದೆ. ಆಟದಲ್ಲಿ ಒಪ್ಪಿಗೆಯ ಮಿತಿ ಏನು ಎಂಬುದಕ್ಕೆ 1860ರ ದಂಡಸಂಹಿತೆಯೇ ಒಂದು ಉದಾಹರಣೆ ಕೊಟ್ಟಿತ್ತು, ಹೊಸ ಸಂಹಿತೆ ಅದನ್ನು 25ನೇ ಕಲಮಿನಲ್ಲಿ ಉಳಿಸಿಕೊಂಡಿದೆ. ವಿನೋದಕ್ಕೆಂದು ಕತ್ತಿವರಸೆ ಆಡುವ ಇಬ್ಬರು, ಮೋಸವಿಲ್ಲದ ಆಟದಲ್ಲಿ ಆಗುವ ಪೆಟ್ಟಿಗೆ ಪರಸ್ಪರ ಒಪ್ಪಿರುತ್ತಾರೆ ಎಂಬ ಉದಾಹರಣೆ. ‘ಮೋಸವಿಲ್ಲದ ಆಟದಲ್ಲಿ’ ಎಂಬ ಷರತ್ತಿನ ತೂಕ ನೋಡಿ. ಸುಳ್ಳು ಅರ್ಹತಾಪತ್ರ, ವಾಯಿದೆ ದಾಟಿದ ರಿಸರ್ವ್ ಇದ್ದ ಆಟ ಮೋಸವಿಲ್ಲದ ಆಟವಾಗುವುದು ಹೇಗೆ?

ನಮ್ಮ ಕರ್ನಾಟಕ ಹೈಕೋರ್ಟಿನ ಒಂದು ತೀರ್ಪು ಈ ಸಭೆಯಲ್ಲಿರುವ ವಿದ್ಯಾರ್ಥಿಗಳಿಗೆಲ್ಲ ಗೊತ್ತಿರುತ್ತದೆ. 1975ರ ಜೀಪು ಪ್ರಕರಣ. ಪೆಟ್ರೋಲು ಹಾಕಿಸಲು ಹೊರಟ ಜೀಪಿಗೆ ಇಬ್ಬರು ಅಪರಿಚಿತರು ಹತ್ತಿಕೊಂಡರು. ಮುಂದಿನ ಚಕ್ರದ ಬೋಲ್ಟು ಕಳಚಿ ಜೀಪು ಮಗುಚಿತು, ಒಬ್ಬರು ಸತ್ತರು. ತಾವಾಗಿಯೇ ಹತ್ತಿದವರು ಅಪಾಯ ಒಪ್ಪಿದಂತೆ ಎಂದು ನ್ಯಾಯಾಲಯ ಹೇಳಿತು. ಸಾಹಸಕ್ರೀಡೆಗಳನ್ನು ಚರ್ಚಿಸುವಾಗ ಈ ಸಾಲನ್ನಷ್ಟೇ ಹಿಡಿದು ಮಾತಾಡುವವರನ್ನು ಕಂಡಿದ್ದೇನೆ. ಅದು ಅರ್ಧ ಓದು. ಆ ಬೋಲ್ಟಿನ ದೋಷ ನಿಯತ ತಪಾಸಣೆಯಲ್ಲಿ ಕಣ್ಣಿಗೆ ಬೀಳುವಂಥದ್ದು ಎಂದು ಸಾಬೀತಾಗಲಿಲ್ಲ ಎಂಬುದೂ ಆ ತೀರ್ಮಾನದ ಆಧಾರ. ಆ ಇಬ್ಬರು ಹಣ ಕೊಟ್ಟು ಹತ್ತಿದವರೂ ಅಲ್ಲ. ತಪಾಸಣೆಯೇ ಉದ್ದೇಶವಾಗಿರುವ, ಆ ತಪಾಸಣೆಗೆ ತಾರೀಖು ಕಟ್ಟಿರುವ, ಹಣ ಪಡೆದು ನಡೆಸುವ ಒಂದು ಸೇವೆಗೆ ಈ ತೀರ್ಪನ್ನು ಪೂರ್ತಿ ಓದಿ ಅನ್ವಯಿಸಿದರೆ ಅದು ಪ್ರಯಾಣಿಕರ ಪರವಾಗಿಯೇ ನಿಲ್ಲುತ್ತದೆ ಎಂದು ನನ್ನ ದೃಢ ಅಭಿಪ್ರಾಯ.

2022ರ ಜೂನಿನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ವಾಯುಕ್ರೀಡಾ ನೀತಿ ಹೊರಡಿಸಿತು. ಸ್ಕೈಡೈವಿಂಗ್ ಸೇರಿ 11 ಕ್ರೀಡೆಗಳು ಅದರ ವ್ಯಾಪ್ತಿಯಲ್ಲಿವೆ. ಭಾರತೀಯ ವಾಯುಕ್ರೀಡಾ ಒಕ್ಕೂಟವೂ ಅದರ ಕೆಳಗಿನ ಸಂಘಗಳೂ ಮಾನದಂಡ ನೋಡಿಕೊಳ್ಳಬೇಕು. ಒಳ್ಳೆಯ ಹೆಜ್ಜೆಯೇ. ಆದರೆ ನೀತಿ ಬೇರೆ, ಸಂತ್ರಸ್ತರ ಕೈಗೆ ಸಿಗುವ ಹಕ್ಕು ಬೇರೆ. ನಮ್ಮಲ್ಲಿ ಪ್ಯಾರಾಶೂಟ್ ಬಲ್ಲವರಿಗೇನು ಕೊರತೆಯಿಲ್ಲ. ಸೇನೆಯ ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ 1992ರಿಂದ ಬೆಂಗಳೂರಿನಲ್ಲೇ ಇದೆ. ಆ ಶಿಸ್ತಿನಲ್ಲಿ ಪಳಗಿ ನಿವೃತ್ತರಾದವರು ನಾಗರಿಕ ಕೇಂದ್ರಗಳ ರಿಸರ್ವ್ ಮಡಚುವ, ತಪಾಸಿಸುವ ಕೆಲಸಕ್ಕೆ ಬಂದರೆ ಅವರ ಸಹಿಗೆ ತೂಕವಿರುತ್ತದೆ.

ನನ್ನ ಬೇಡಿಕೆ ದೊಡ್ಡದಲ್ಲ, ಅದಕ್ಕೆ ಹೊಸ ಕಾಯ್ದೆಯೂ ಬೇಡ. ಪ್ರಯಾಣಿಕರ ಮುಂದೆ ಮುಚ್ಚಳಿಕೆ ಇಡುವ ಕೇಂದ್ರ ಅದೇ ಹಾಳೆಯ ಮೇಲ್ಭಾಗದಲ್ಲಿ ತನ್ನ ಕಡೆಯ ವಿವರ ಬರೆದು ಸಹಿ ಹಾಕಬೇಕು. ರಿಸರ್ವ್ ಮಡಚಿದ ತಾರೀಖು ಮತ್ತು ಮಡಚಿದವರ ಪರವಾನಗಿ ಸಂಖ್ಯೆ, ಸ್ವಯಂಚಾಲಿತ ಸಾಧನದ ಸರ್ವೀಸ್ ಯಾವಾಗ ಆಯಿತು, ತರಬೇತುದಾರರ ಅರ್ಹತೆ ಎಲ್ಲಿಯವರೆಗೆ ಊರ್ಜಿತ, ವಿಮಾನದ ಕೊನೆಯ ತಪಾಸಣೆ, ವಿಮೆ ಇದೆಯೇ ಇಲ್ಲವೇ. ಆ ಹಾಳೆಯ ಒಂದು ಪ್ರತಿಯನ್ನು ಪ್ರಯಾಣಿಕರಿಗೆ ಕೊಡಬೇಕು, ನೆಲದ ಮೇಲೆ ಕಾಯುವ ಮನೆಯವರ ಕೈಯಲ್ಲಿ ಅದು ಇರಲಿ. ಹೀಗೆ ಬರೆಯದ ಮುಚ್ಚಳಿಕೆಯನ್ನು ಅನ್ಯಾಯದ ಕರಾರು ಎಂದು ಘೋಷಿಸುವಂತೆ ಯಾವುದಾದರೂ ಗ್ರಾಹಕ ಸಂಘಟನೆ ರಾಜ್ಯ ಆಯೋಗದ ಮುಂದೆ ದೂರು ಒಯ್ಯಲಿ, ದೂರಿನ ಕರಡು ಬರೆಯಲು ಇಲ್ಲಿರುವ ವಿದ್ಯಾರ್ಥಿಗಳು ಮುಂದೆ ಬರಲಿ. ಅಲ್ಲಿಯವರೆಗೆ, ಧುಮುಕಲು ಹೊರಟಿರುವ ಮಕ್ಕಳಿಗೆ ನಾನು ಹೇಳುವುದಿಷ್ಟೆ: ಸಹಿ ಹಾಕುವ ಮುಂಚೆ ರಿಸರ್ವ್ ಕಾರ್ಡು ತೋರಿಸಿ ಎಂದು ಕೇಳಿ. ತೋರಿಸಲು ಒಪ್ಪದಿದ್ದರೆ ವಾಪಸ್ ಬನ್ನಿ. ಮುಂಗಡ ಹಿಂದಿರುಗಿಸದಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ವಕೀಲರಿಲ್ಲದೆಯೂ ದೂರು ಸಲ್ಲಿಸಬಹುದು.